ನವೀಕರಣ ವಿಫಲವಾದಾಗ: ಮೊದಲು ಬರಹ, ಅನಂತರ ಯಂತ್ರ

ಪೀಠಿಕೆ

ಗ್ರಂಥಸಂಪಾದನೆಯ ಪಾಠ ನಡೆದ ಒಂದು ದಿನ, ಬೊಮ್ಮನಹಾಳ್ ಕಡೆಯಿಂದ ಬರುವ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ವಿಭಾಗಕ್ಕೆ ಬಂದಳು. ಆಕೆ ತನ್ನ ಊರಿನ ಇಬ್ಬರು ಅಜ್ಜಿಯರಿಂದ ಬೀಸುವ ಪದಗಳನ್ನು ಕೇಳಿ ಬರೆದುಕೊಂಡು, ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅವುಗಳನ್ನು ಟೈಪು ಮಾಡಿದ್ದಳು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಬರೆದುಕೊಂಡಿದ್ದ ನೋಟುಪುಸ್ತಕ ಮಳೆಯಲ್ಲಿ ನೆನೆದು ಹಾಳಾಗಿತ್ತು.

"ಅಪ್‌ಡೇಟ್ ಆಗ್ತಿತ್ತು ಸರ್, ನಡುವೆ ಕರೆಂಟ್ ಹೋಯ್ತು. ಈಗ ದಿನಾ ಅಷ್ಟು ದೂರ ಹೋಗಿ ವಾಪಸ್ ಬರ್ತೈತೆ. ಒಂದೊಂದು ಸಲ ತೆರೀತೈತೆ, ಒಂದೊಂದು ಸಲ ಇಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ."

ಫಾರ್ಮ್ಯಾಟ್ ಎಂಬ ಮಾತಿನ ಅರ್ಥ ಆಕೆಗೆ ತಿಳಿದಿತ್ತು. ಆದ್ದರಿಂದಲೇ ಆಕೆ ಒಪ್ಪಿಗೆ ಕೊಡದೆ ಬಂದಿದ್ದಳು. ಆಪರೇಟಿಂಗ್ ಸಿಸ್ಟಮಿನ ನವೀಕರಣ, ಎಂದರೆ ಅಪ್‌ಡೇಟ್, ವಿಫಲವಾದಾಗ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇದು ಗಣಕ ವಿಜ್ಞಾನದವರ ವಿಷಯವಲ್ಲವೇ ಎಂದು ಕೆಲವರು ಕೇಳಬಹುದು. ಇಂದು ನಮ್ಮ ಕಿರುಸಂಶೋಧನೆಗಳೂ ಕ್ಷೇತ್ರಕಾರ್ಯದ ಸಂಗ್ರಹಗಳೂ ಇರುವುದು ಕಂಪ್ಯೂಟರಿನಲ್ಲಿ. ಓಲೆಗರಿಯನ್ನು ಹುಳದಿಂದ ಕಾಪಾಡುವ ಬಗೆಯನ್ನು ಕಲಿಯುವವರು ಈ ಹೊಸ ಗರಿಯನ್ನು ಕಾಪಾಡುವುದನ್ನೂ ಕಲಿಯಬೇಕಾಗಿದೆ. ಮನೆಗಳಲ್ಲಿ ಹೆಚ್ಚಾಗಿರುವುದು ವಿಂಡೋಸ್ ಆದುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಅಪ್‌ಡೇಟ್ ಎಂಬುದರ ಸ್ವರೂಪ

ಆಪರೇಟಿಂಗ್ ಸಿಸ್ಟಂ ಎಂಬುದು ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸುವ ವ್ಯವಸ್ಥೆ. ಅದರಲ್ಲಿ ಕಂಡುಬಂದ ದೋಷಗಳನ್ನೂ ಭದ್ರತೆಯ ಬಿರುಕುಗಳನ್ನೂ ತಯಾರಕರು ಆಗಾಗ ಸರಿಪಡಿಸಿ ಕಳುಹಿಸುವುದೇ ಅಪ್‌ಡೇಟ್. ಇದು ಹಲವು ಹಂತಗಳಲ್ಲಿ ನಡೆಯುತ್ತದೆ. ಹೊಸ ಕಡತಗಳು ಅಂತರ್ಜಾಲದ ಮೂಲಕ ಇಳಿಯುತ್ತವೆ, ಅವು ಸರಿಯಾಗಿ ಬಂದಿವೆಯೇ ಎಂಬ ಪರಿಶೀಲನೆ ನಡೆಯುತ್ತದೆ, ಯಂತ್ರ ಮರುಪ್ರಾರಂಭವಾಗುತ್ತದೆ, ಹಳೆಯ ಕಡತಗಳ ಸ್ಥಾನದಲ್ಲಿ ಹೊಸವು ಕೂಡುತ್ತವೆ. ನಡುವೆ ಎಲ್ಲಿಯಾದರೂ ಅಡ್ಡಿಯಾದರೆ, ಮಾಡಿದ ಬದಲಾವಣೆಗಳನ್ನು ಹಿಂತೆಗೆದು ಮೊದಲಿನ ಸ್ಥಿತಿಗೆ ಮರಳಲು ಯಂತ್ರ ತಾನೇ ಪ್ರಯತ್ನಿಸುತ್ತದೆ. ನಮ್ಮ ವಿದ್ಯಾರ್ಥಿನಿ ದಿನವೂ ಕಾಣುತ್ತಿದ್ದುದು ಈ ಕೊನೆಯ ಹಂತವನ್ನು.

ಆದುದರಿಂದ ಹಿಂದಿರುಗುವಿಕೆಯನ್ನು ಯಂತ್ರದ ಮರಣವೆಂದು ಭಾವಿಸಬಾರದು. ಅದು ಯಂತ್ರ ತನ್ನನ್ನು ತಾನು ರಕ್ಷಿಸಿಕೊಳ್ಳುವ ಕ್ರಮ. ಆ ಸಮಯದಲ್ಲಿ ಬೇಸರಪಟ್ಟು ಸ್ವಿಚ್ ಆರಿಸುವುದೇ ಹೆಚ್ಚಿನ ಹಾನಿಗೆ ದಾರಿ. ಡಿಸ್ಕಿನ ಪುಟ್ಟ ದೀಪ ಮಿನುಗುತ್ತಿರುವವರೆಗೆ, ಶೇಕಡಾವಾರು ಅಂಕಿ ಗಂಟೆಗಟ್ಟಲೆ ಒಂದೇ ಕಡೆ ನಿಂತಂತೆ ಕಂಡರೂ, ಕಾಯುವುದು ಲೇಸು.

ಮೊದಲ ನಿಯಮ: ಪ್ರತಿಯನ್ನು ಉಳಿಸುವುದು

ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳ ಹೆಸರುಗಳನ್ನು ನೀವು ಸಾಹಿತ್ಯ ಚರಿತ್ರೆಯಲ್ಲಿ ಓದಿದ್ದೀರಿ. ಪೊನ್ನನ 'ಭುವನೈಕರಾಮಾಭ್ಯುದಯ'ವನ್ನೂ ಬಲ್ಲಿರಿ. ಇವುಗಳ ಪೂರ್ಣ ಪ್ರತಿ ದೊರೆತಿಲ್ಲ. ಬರೆದ ಕೃತಿಗೆ ಪ್ರತಿ ಉಳಿಯದಿದ್ದರೆ ಅದು ಹೆಸರಾಗಿ ಮಾತ್ರ ಉಳಿಯುತ್ತದೆ. ಮೂಲಪ್ರತಿಯ ಮೇಲೆ ತಿದ್ದುಪಡಿ ಮಾಡಬಾರದು, ನಕಲು ತೆಗೆದುಕೊಂಡು ಅದರ ಮೇಲೆ ಕೆಲಸ ಮಾಡಬೇಕು ಎಂಬ ಸಂಪಾದಕನ ಶಿಸ್ತು ಇಲ್ಲಿಯೂ ಅನ್ವಯಿಸುತ್ತದೆ. ಯಂತ್ರವನ್ನು ಸರಿಪಡಿಸುವ ಯಾವ ಪ್ರಯತ್ನಕ್ಕೂ ಮೊದಲು ಬರಹದ ಪ್ರತಿಯನ್ನು ಹೊರಗೆ ತೆಗೆಯಬೇಕು.

ಇದು ಅತಿಯಾದ ಎಚ್ಚರಿಕೆಯಲ್ಲ. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಕೆಲವು ಬಳಕೆದಾರರ ಡಾಕ್ಯುಮೆಂಟ್ಸ್ ಮೊದಲಾದ ಫೋಲ್ಡರುಗಳಲ್ಲಿದ್ದ ಕಡತಗಳನ್ನೇ ಅಳಿಸಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ ಮತ್ತೆ ಹೊರತಂದಿತು. ಬೇರೆಡೆ ಪ್ರತಿ ಇಟ್ಟುಕೊಂಡಿದ್ದವರಿಗೆ ಅದು ಒಂದು ತೊಂದರೆ, ಇಟ್ಟುಕೊಳ್ಳದವರಿಗೆ ನಷ್ಟ.

ಯಂತ್ರ ತೆರೆಯುತ್ತಿದ್ದರೆ ಪ್ರತಿ ತೆಗೆಯುವುದು ಸುಲಭ. ಒಂದು ಪೆನ್ ಡ್ರೈವಿಗೆ ನಕಲಿಸಿ. ಇನ್ನೊಂದು ಪ್ರತಿಯನ್ನು ನಿಮ್ಮದೇ ಇ-ಮೇಲ್ ವಿಳಾಸಕ್ಕೆ ಕಳುಹಿಸಿಕೊಳ್ಳಿ. ಯಂತ್ರ ತೆರೆಯದಿದ್ದರೂ ದಾರಿಗಳಿವೆ. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯನ್ನು ಬೇರೊಂದು ಪೆನ್ ಡ್ರೈವಿಗೆ ತುಂಬಿ, ಅದನ್ನು ಸ್ಥಾಪಿಸದೆ 'ಪ್ರಯತ್ನಿಸಿ ನೋಡು' ಎಂಬ ಆಯ್ಕೆಯಿಂದ ನಡೆಸಿದರೆ ಒಳಗಿನ ಡಿಸ್ಕಿನ ಕಡತಗಳು ಕಾಣುತ್ತವೆ. ಅಥವಾ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಕಂಪ್ಯೂಟರಿಗೆ ಜೋಡಿಸಬಹುದು. ಆದರೆ ಡಿಸ್ಕು ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಬೇಕಾಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ನಮಗೆ ತಿಳಿಯದೆಯೇ ಚಾಲನೆಯಲ್ಲಿರಬಹುದು. ಯಂತ್ರ ಚೆನ್ನಾಗಿರುವಾಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಆ ಕೀಲಿಯನ್ನು ನೋಡಿ ಕಾಗದದ ಮೇಲೆ ಬರೆದಿಡಿ.

ಎರಡನೆಯ ನಿಯಮ: ದೋಷಸಂಕೇತವನ್ನು ಓದುವುದು

ಅಪ್‌ಡೇಟ್ ವಿಫಲವಾದಾಗ ಪರದೆಯ ಮೇಲೆ ಅಥವಾ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಇತಿಹಾಸದಲ್ಲಿ ಒಂದು ಸಂಕೇತ ಕಾಣುತ್ತದೆ. ಅದು ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಆರಂಭವಾಗುತ್ತದೆ. ಅನಂತರದ ಎಂಟು ಅಕ್ಷರ-ಅಂಕಿಗಳೇ ಮುಖ್ಯ. ಬಹುಮಂದಿ ಇದನ್ನು ಓದದೆ ಪರದೆಯನ್ನು ಮುಚ್ಚಿಬಿಡುತ್ತಾರೆ. ಸಂಕೇತವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನಮ್ಮ ಗಡಿಭಾಗದ ಮನೆಗಳಲ್ಲಿ ಒಬ್ಬರು ಕನ್ನಡ, ಒಬ್ಬರು ತೆಲುಗು ಓದಿದವರಿರುತ್ತಾರೆ. ಯಂತ್ರವೋ ಇಂಗ್ಲಿಷಿನಲ್ಲಿ ಮಾತನಾಡುತ್ತದೆ. ಈ ಸಂಕೇತ ಮಾತ್ರ ಯಾವ ಭಾಷೆಯಲ್ಲಿಯೂ ಒಂದೇ. ಸಾಮಾನ್ಯವಾಗಿ ಕಾಣುವ ಕೆಲವನ್ನು ಇಲ್ಲಿ ಕೊಡಲಾಗಿದೆ.

80070070: ಡಿಸ್ಕಿನಲ್ಲಿ ಸ್ಥಳ ಸಾಲದು.
80072ಇಇ2: ಅಂತರ್ಜಾಲ ಸಂಪರ್ಕ ಕಾಲಮಿತಿಯೊಳಗೆ ಉತ್ತರ ಪಡೆಯಲಿಲ್ಲ.
80073712: ಅಪ್‌ಡೇಟ್‌ಗೆ ಬೇಕಾದ ವ್ಯವಸ್ಥೆಯ ಕಡತ ಹಾಳಾಗಿದೆ ಅಥವಾ ಇಲ್ಲ.
800ಎಫ್0922: ವ್ಯವಸ್ಥೆಗೆಂದು ಮೀಸಲಾದ ವಿಭಾಗದಲ್ಲಿ ಸ್ಥಳವಿಲ್ಲ, ಇಲ್ಲವೇ ಸರ್ವರಿನ ಸಂಪರ್ಕ ದೊರೆತಿಲ್ಲ.
ಸಿ1900101: ಇದರಿಂದ ಆರಂಭವಾಗುವವು ಹೆಚ್ಚಾಗಿ ಡ್ರೈವರ್ ದೋಷಗಳು, ಎಂದರೆ ಯಾವುದೋ ಯಂತ್ರಭಾಗದ ಚಾಲಕ ತಂತ್ರಾಂಶ ಹೊಂದುತ್ತಿಲ್ಲ.

ಸಂಕೇತ ಬಂದ ಮಾತ್ರಕ್ಕೆ ತಪ್ಪು ನಮ್ಮದೇ ಎಂದೇನೂ ಅಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ರ ಒಂದು ಭದ್ರತಾ ಅಪ್‌ಡೇಟ್ ಅನೇಕ ಕಂಪ್ಯೂಟರುಗಳಲ್ಲಿ 80070643 ಎಂಬ ಸಂಕೇತವನ್ನು ತೋರಿಸಿ ನಿಂತುಹೋಯಿತು. ಅದಕ್ಕೆ ಡಿಸ್ಕಿನ ಚೇತರಿಕೆ ವಿಭಾಗದಲ್ಲಿ 250 ಎಂಬಿ ಖಾಲಿ ಸ್ಥಳ ಬೇಕಾಗಿತ್ತು. ಬಹಳ ಯಂತ್ರಗಳಲ್ಲಿ ಅಷ್ಟು ಇರಲಿಲ್ಲ. ಡಿಸ್ಕಿನ ವಿಭಾಗಗಳ ಗಾತ್ರವನ್ನು ಬದಲಾಯಿಸುವುದು ಅನುಭವವಿಲ್ಲದವರಿಗೆ ಅಪಾಯಕರ. ಇಂತಹ ಸಂದರ್ಭದಲ್ಲಿ ಸಂಕೇತವನ್ನು ಓದಿ ತಿಳಿದವನು ಸುಮ್ಮನೆ ಕಾಯುತ್ತಾನೆ. ಓದದವನು ಫಾರ್ಮ್ಯಾಟ್‌ಗೆ ಹೋಗುತ್ತಾನೆ.

ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಭಾಗ ಹಳೆಯ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಅವುಗಳಲ್ಲಿ 'ಈ ಯಂತ್ರ ಅರ್ಹವಲ್ಲ' ಎಂದು ಬಂದರೆ ಅದು ಕೆಟ್ಟುಹೋದ ಅಪ್‌ಡೇಟ್ ಅಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್‌ಗಳನ್ನು ವಿಸ್ತರಿಸಲಾಯಿತು.

ಮೂರನೆಯ ನಿಯಮ: ಸುಲಭದಿಂದ ಕಠಿಣದತ್ತ, ಒಂದೊಂದಾಗಿ

ಏಕಕಾಲದಲ್ಲಿ ಹತ್ತು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯದು. ಒಂದು ಕ್ರಮ, ಒಂದು ಪರೀಕ್ಷೆ, ಒಂದು ಟಿಪ್ಪಣಿ ಎಂಬಂತೆ ಮುಂದುವರಿಯಬೇಕು.

1. ಪೆನ್ ಡ್ರೈವ್, ಪ್ರಿಂಟರ್, ಹೊರಗಿನ ಡಿಸ್ಕುಗಳನ್ನು ತೆಗೆದು, ಯಂತ್ರವನ್ನು ಒಮ್ಮೆ ಮರುಪ್ರಾರಂಭಿಸಿ ಮತ್ತೆ ಪ್ರಯತ್ನಿಸಿ.

2. ದಿನಾಂಕ ಮತ್ತು ಸಮಯವನ್ನು ನೋಡಿ. ಹಳೆಯ ಯಂತ್ರಗಳ ಒಳಗೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಅದು ಬರಿದಾದರೆ ಕರೆಂಟು ಹೋದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಸರ್ವರಿನೊಂದಿಗೆ ಭದ್ರ ಸಂಪರ್ಕ ಏರ್ಪಡುವುದಿಲ್ಲ.

3. ಸ್ಥಳ ಮಾಡಿಕೊಡಿ. ದೊಡ್ಡ ಅಪ್‌ಡೇಟ್‌ಗೆ ಸಿ ಡ್ರೈವಿನಲ್ಲಿ 20 ಜಿಬಿಯಷ್ಟಾದರೂ ಖಾಲಿ ಇರುವುದು ಒಳ್ಳೆಯದು. ಮದುವೆಯ ವಿಡಿಯೋ, ಮೊಬೈಲಿನಿಂದ ಇಳಿಸಿದ ಚಿತ್ರಗಳನ್ನು ಬೇರೆಡೆಗೆ ಸಾಗಿಸಿ. 'ಡಿಸ್ಕ್ ಕ್ಲೀನಪ್' ನಡೆಸಿ.

4. ಅಂತರ್ಜಾಲವನ್ನು ಗಮನಿಸಿ. ಮೊಬೈಲ್ ಹಾಟ್‌ಸ್ಪಾಟನ್ನು 'ಮೀಟರ್ಡ್', ಅಂದರೆ ಲೆಕ್ಕವಿಟ್ಟು ಬಳಸುವ ಸಂಪರ್ಕವೆಂದು ಗುರುತಿಸಿದ್ದರೆ ವಿಂಡೋಸ್ ಅನೇಕ ಅಪ್‌ಡೇಟ್‌ಗಳನ್ನು ಇಳಿಸುವುದೇ ಇಲ್ಲ. ಅರ್ಧ ಇಳಿದು ನಿಲ್ಲುವುದಕ್ಕಿಂತ ಉತ್ತಮ ಸಂಪರ್ಕವಿರುವ ಕಡೆ ಪೂರ್ಣ ಇಳಿಸುವುದು ಮೇಲು.

5. ವಿಂಡೋಸ್‌ನಲ್ಲಿಯೇ ಇರುವ ಅಪ್‌ಡೇಟ್ ಟ್ರಬಲ್‌ಶೂಟರನ್ನು ಸೆಟ್ಟಿಂಗ್ಸ್ ಮೂಲಕ ನಡೆಸಿ. ಹೊರಗಿನ ಆಂಟಿವೈರಸ್ ಇದ್ದರೆ ತಾತ್ಕಾಲಿಕವಾಗಿ ತೆಗೆದು ನೋಡಿ.

6. ಇಷ್ಟಾದರೂ ಆಗದಿದ್ದರೆ ನಿರ್ವಾಹಕನ ಅಧಿಕಾರದಿಂದ ಕಮಾಂಡ್ ಪ್ರಾಂಪ್ಟನ್ನು ತೆರೆದು ಎರಡು ಸಾಧನಗಳನ್ನು ಬಳಸಬೇಕು. ಮೊದಲನೆಯದು 'ಡಿಸ್ಮ್'. ಇದರ 'ರಿಸ್ಟೋರ್ ಹೆಲ್ತ್' ಆಜ್ಞೆ ವ್ಯವಸ್ಥೆಯ ಕಡತಭಂಡಾರವನ್ನು ದುರಸ್ತಿ ಮಾಡುತ್ತದೆ. ಎರಡನೆಯದು 'ಎಸ್‌ಎಫ್‌ಸಿ'. ಇದರ 'ಸ್ಕ್ಯಾನ್ ನೌ' ಆಜ್ಞೆ ಆ ಭಂಡಾರದ ಪ್ರತಿಯೊಂದಿಗೆ ಬಳಕೆಯಲ್ಲಿರುವ ಕಡತಗಳನ್ನು ಹೋಲಿಸಿ, ಕೆಟ್ಟವನ್ನು ಬದಲಿಸುತ್ತದೆ. ಶುದ್ಧಪ್ರತಿಯೊಂದಿಗೆ ಹೋಲಿಸಿ ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದುವ ಕೆಲಸವೇ ಇದು. ಹೋಲಿಸಬೇಕಾದ ಪ್ರತಿಯೇ ಅಶುದ್ಧವಾಗಿದ್ದರೆ ಪ್ರಯೋಜನವಿಲ್ಲವಾದ್ದರಿಂದ ಡಿಸ್ಮ್ ಮೊದಲು, ಎಸ್‌ಎಫ್‌ಸಿ ಅನಂತರ.

7. ಅರ್ಧ ಇಳಿದ ಕಡತಗಳು 'ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್' ಎಂಬ ಫೋಲ್ಡರಿನಲ್ಲಿ ಕುಳಿತು ಅಡ್ಡಿಮಾಡುತ್ತಿರಬಹುದು. ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ ಆ ಫೋಲ್ಡರಿನ ಹೆಸರನ್ನು ಬದಲಿಸಿದರೆ, ವಿಂಡೋಸ್ ಹೊಸದೊಂದನ್ನು ಸೃಷ್ಟಿಸಿಕೊಂಡು ಮೊದಲಿನಿಂದ ಇಳಿಸುತ್ತದೆ. ಅಳಿಸುವ ಬದಲು ಹೆಸರು ಬದಲಿಸುವುದರಲ್ಲಿ ಹಿಂತಿರುಗುವ ದಾರಿ ಉಳಿಯುತ್ತದೆ.

ಯಂತ್ರವೇ ತೆರೆಯದಿದ್ದಾಗ

ವಿಂಡೋಸ್ ಎರಡು ಮೂರು ಬಾರಿ ಸತತವಾಗಿ ತೆರೆಯಲಾರದೆ ಹೋದರೆ ಚೇತರಿಕೆಯ ಪರದೆ ತಾನಾಗಿ ಬರುತ್ತದೆ. ಅಲ್ಲಿ 'ಸ್ಟಾರ್ಟಪ್ ರಿಪೇರ್', ಇತ್ತೀಚಿನ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆ, ಹಿಂದಿನ ಸ್ಥಿತಿಗೆ ಮರಳಿಸುವ 'ಸಿಸ್ಟಂ ರಿಸ್ಟೋರ್', ಸೇಫ್ ಮೋಡ್ ಇವೆ. ಸೇಫ್ ಮೋಡಿನಲ್ಲಿ ಅತ್ಯಗತ್ಯವಾದ ಭಾಗಗಳಷ್ಟೇ ಕೆಲಸ ಮಾಡುವುದರಿಂದ, ದೋಷಯುಕ್ತ ಚಾಲಕ ತಂತ್ರಾಂಶವಿದ್ದರೂ ಯಂತ್ರ ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ.

ಇದರ ಬೆಲೆಯನ್ನು ಜಗತ್ತು 2024ರ ಜುಲೈ 19ರಂದು ಕಂಡಿತು. ಅಂದು ಕೆಟ್ಟದ್ದು ವಿಂಡೋಸ್‌ನ ಅಪ್‌ಡೇಟ್ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ತಂತ್ರಾಂಶದ ಅಪ್‌ಡೇಟ್. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಭಾರತದಲ್ಲಿಯೂ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅಲ್ಲಿ ಅನುಸರಿಸಿದ ಮುಖ್ಯ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡಿನಲ್ಲಿ ತೆರೆದು ದೋಷವಿದ್ದ ಕಡತವನ್ನು ಅಳಿಸುವುದಾಗಿತ್ತು.

ದೊಡ್ಡ ಆವೃತ್ತಿಯ ಅಪ್‌ಡೇಟ್ ಮುಗಿದ ಮೇಲೆ ತೊಂದರೆ ಕಂಡರೆ, ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳುವ ಅವಕಾಶವಿದೆ. 'ರಿಸೆಟ್' ಎಂಬುದು ಕಡೆಯ ಉಪಾಯ. 'ನನ್ನ ಕಡತಗಳನ್ನು ಉಳಿಸು' ಎಂದು ಆರಿಸಿದರೂ ನಾವು ಸ್ಥಾಪಿಸಿದ ತಂತ್ರಾಂಶಗಳು ಹೋಗುತ್ತವೆ. ಇದರಿಂದ ಕನ್ನಡದವರಿಗೆ ಒದಗುವ ವಿಶೇಷ ತೊಂದರೆಯೊಂದಿದೆ.

ಅಕ್ಷರ ಹೋಗಿ ಅಂಕುಡೊಂಕಾದಾಗ

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತದೊಳಗೆ ವಾಸ್ತವವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆಗಳು. ಆ ಸಂಖ್ಯೆಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ತೋರಿಸುವುದು ಫಾಂಟಿನ ಕೆಲಸ. ಅಪ್‌ಡೇಟ್ ಅಥವಾ ರಿಸೆಟ್‌ನ ಅನಂತರ ಆ ಫಾಂಟ್ ಇಲ್ಲವಾದರೆ ಪುಟವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕಡತ ಹಾಳಾಯಿತೆಂದು ಅನೇಕರು ಅದನ್ನು ಅಳಿಸಿಬಿಡುತ್ತಾರೆ. ಬರಹ ಹಾಳಾಗಿಲ್ಲ, ಅದನ್ನು ಓದುವ ಕಣ್ಣು ಮಾತ್ರ ಹೋಗಿದೆ. ಅದೇ ಫಾಂಟನ್ನು ಮತ್ತೆ ಸ್ಥಾಪಿಸಿದರೆ ಕನ್ನಡ ಮರಳುತ್ತದೆ.

ಯೂನಿಕೋಡ್‌ನಲ್ಲಿ ಈ ಅವಲಂಬನೆ ಇಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. 'ಕ' ಎಂಬ ಅಕ್ಷರದ ಸಂಖ್ಯೆ 0ಸಿ95. ಫಾಂಟ್ ಬದಲಾದರೂ ಅದು 'ಕ'ವೇ. ವಿಂಡೋಸ್‌ನಲ್ಲಿ ಮೊದಲು ಬಳಕೆಯಲ್ಲಿದ್ದ ತುಂಗಾ ಫಾಂಟು ವಿಂಡೋಸ್ 10ರಿಂದ ಐಚ್ಛಿಕ ಭಾಗವಾಯಿತು. ಅದು ಇಲ್ಲದ ಯಂತ್ರದಲ್ಲಿ ತುಂಗಾದ ಕಡತ ನಿರ್ಮಲಾ ಫಾಂಟಿನಲ್ಲಿ ಕಾಣಬಹುದು. ಸಾಲುಗಳು, ಪುಟಗಳು ಸ್ವಲ್ಪ ಸರಿಯಬಹುದು. ಆದರೆ ಓದಲು ಅಡ್ಡಿಯಿಲ್ಲ.

ಆದ್ದರಿಂದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನುಡಿ, ಬರಹಗಳಲ್ಲಿಯೇ ಪರಿವರ್ತಕಗಳಿವೆ. ಪರಿವರ್ತನೆಯ ಅನಂತರ ಒತ್ತಕ್ಷರ, ಅರ್ಕಾವತ್ತುಗಳಿರುವ ಕಡೆ ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿರಿ. ಪರಿವರ್ತಕವೂ ಒಬ್ಬ ಲಿಪಿಕಾರನೇ. ಹಳೆಯ ಕಡತವನ್ನೂ ಫಾಂಟಿನ ಕಡತವನ್ನೂ ಒಂದೇ ಫೋಲ್ಡರಿನಲ್ಲಿ ಕಾದಿರಿಸಿ.

ಉಪಸಂಹಾರ

ವಿದ್ಯಾರ್ಥಿನಿಯ ಅಣ್ಣ ಮರುದಿನ ಸಿಪಿಯು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತಂದನು. ಮೊದಲು ಪೆನ್ ಡ್ರೈವಿನ ಲಿನಕ್ಸ್‌ನಿಂದ ತೆರೆದು ಆಕೆಯ ಫೋಲ್ಡರನ್ನೂ ಫಾಂಟುಗಳನ್ನೂ ಹೊರತೆಗೆದೆವು. ಅನಂತರ ಇತಿಹಾಸವನ್ನು ನೋಡಿದಾಗ ಇದ್ದುದು 80070070. ಕರೆಂಟು ಹೋದದ್ದು ಒಮ್ಮೆ. ಆದರೆ ದಿನವೂ ಅಪ್‌ಡೇಟ್ ಹಿಂದಿರುಗುತ್ತಿದ್ದುದು ಸಿ ಡ್ರೈವ್ ತುಂಬಿದ್ದರಿಂದ. ವಿಡಿಯೋಗಳನ್ನು ಸರಿಸಿ ಸ್ಥಳ ಮಾಡಿದೆವು; ಡಿಸ್ಮ್, ಎಸ್‌ಎಫ್‌ಸಿ ನಡೆಸಿದೆವು; ಯುಪಿಎಸ್ ಇರುವ ಮೇಜಿನ ಮೇಲೆ ಅಪ್‌ಡೇಟ್ ಮುಗಿಯಿತು. ಫಾರ್ಮ್ಯಾಟ್ ಬೇಕಾಗಲಿಲ್ಲ.

ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅಂದು ಆಂಧ್ರಕ್ಕೆ ಸೇರಿತು. ಗಡಿಯ ಗೆರೆ ಬದಲಾದರೂ ಮನೆಯ ಮಾತು ಬದಲಾಗದ ಇಂತಹ ಊರುಗಳ ಹಾಡು, ಗಾದೆ, ಪದಸಂಪತ್ತನ್ನು ಸಂಗ್ರಹಿಸುವವರು ಹೆಚ್ಚಾಗಿ ನಿಮ್ಮಂತಹ ವಿದ್ಯಾರ್ಥಿಗಳೇ. ನಿಮ್ಮ ಪ್ರತಿ ಏಕೈಕ ಪ್ರತಿಯಾಗಿರುವ ಸಂಭವ ಬಹಳ. ಆ ಪದಗಳು ಈಗ ಯೂನಿಕೋಡ್‌ನಲ್ಲಿವೆ: ಒಂದು ಪ್ರತಿ ಅವಳ ಮನೆಯಲ್ಲಿ, ಒಂದು ಅವಳ ಇ-ಮೇಲಿನಲ್ಲಿ, ಮುದ್ರಿಸಿದ ಒಂದು ಪ್ರತಿ ವಿಭಾಗದ ಕಪಾಟಿನಲ್ಲಿ.

ಅಭ್ಯಾಸ

1. ಗ್ರಂಥಸಂಪಾದನೆಯಲ್ಲಿ ಮೂಲಪ್ರತಿಯ ರಕ್ಷಣೆಗೂ ಅಪ್‌ಡೇಟ್‌ಗೆ ಮೊದಲು ಪ್ರತಿ ತೆಗೆಯುವುದಕ್ಕೂ ಇರುವ ಸಾಮ್ಯವನ್ನು ವಿವರಿಸಿ. ಈ ಹೋಲಿಕೆಯ ಮಿತಿಯನ್ನೂ ಗುರುತಿಸಿ.
2. ಡಿಸ್ಮ್ ಮೊದಲು, ಎಸ್‌ಎಫ್‌ಸಿ ಅನಂತರ ಏಕೆ?
3. ಹಳೆಯ ಫಾಂಟಿನಲ್ಲಿರುವ ನಿಮ್ಮ ಒಂದು ಪುಟವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಕಂಡುಬಂದ ಸ್ಖಾಲಿತ್ಯಗಳನ್ನು ಪಟ್ಟಿ ಮಾಡಿ.
4. ನಿಮ್ಮ ಕಿರುಸಂಶೋಧನೆಯ ಎಷ್ಟು ಪ್ರತಿಗಳು, ಎಲ್ಲೆಲ್ಲಿ ಇವೆ? ಒಂದೇ ಆಗಿದ್ದರೆ, ಈ ಪ್ರಶ್ನೆಗೆ ಉತ್ತರ ಬರೆಯುವ ಮೊದಲು ಇನ್ನೊಂದನ್ನು ಮಾಡಿ.